ರಿವಾಲ್ವರ್: ಪೆಟ್ಟು ಹಗುರ, ಗುರುತು ಓರೆ. ತಪ್ಪು ಎಲ್ಲಿದೆ?

ಸಿರುಗುಪ್ಪ ಮಿಲ್

ಎಲ್ಲರಿಗೂ ನಮಸ್ಕಾರ. ಅಪ್ಪನಿಂದ ಬಂದ .32 ರಿವಾಲ್ವರ್ ಒಂದಿದೆ. ಹಳೇ ವಿದೇಶಿ ಮಾಲು, ಆರು ಗುಂಡಿನದು, ಗುಂಡು ತುಂಬುವ ಸಿಲಿಂಡರ್ ಎಡಕ್ಕೆ ಹೊರಬರುತ್ತದೆ. ಲೈಸೆನ್ಸ್ ಈಗ ನನ್ನ ಹೆಸರಲ್ಲೇ ಇದೆ. ಸುಗ್ಗಿಯಲ್ಲಿ ಮಿಲ್‌ನಿಂದ ದುಡ್ಡು ಸಾಗಿಸುವಾಗ ಸೊಂಟಕ್ಕೆ ಬರುತ್ತದೆ, ಉಳಿದ ದಿನ ಮಿಲ್ ಆಫೀಸಿನ ಕಪಾಟಿನಲ್ಲಿ ಮಲಗಿರುತ್ತದೆ.

2024ರ ಲೋಕಸಭೆ ಚುನಾವಣೆಗೆ ಎಲ್ಲರ ಹಾಗೆ ನಾನೂ ಠಾಣೆಗೆ ಒಪ್ಪಿಸಿದ್ದೆ. ಬೇಸಿಗೆ ಪೂರ್ತಿ ಅಲ್ಲೇ ಇರುತ್ತದಲ್ಲ, ತುಕ್ಕು ಹಿಡಿಯಬಾರದು ಅಂತ ಗ್ರೀಸ್ ಮೆತ್ತಿ ಕೊಟ್ಟಿದ್ದೆ. ವಾಪಸ್ ಬಂದಮೇಲೆ ಹೊರಗೆ ಒರೆಸಿ ಹಾಗೇ ಇಟ್ಟುಬಿಟ್ಟೆ.

ಹೋದ ಭಾನುವಾರ ರೇಂಜ್‌ಗೆ ಹೋಗಿ 18 ರೌಂಡ್ ಹಾಕಿದೆ. 13 ಹಾರಿದವು, 5 ಬರೀ ಟಿಕ್ ಅಂದವು. ಹಾರದವನ್ನು ನೋಡಿದರೆ ಕೆಲವದರ ಪ್ರೈಮರ್ (ಬುಡದ ನಡುವಿನ ಸಣ್ಣ ಬಟ್ಟಲು) ಮೇಲೆ ಉಗುರಿನಲ್ಲಿ ಒತ್ತಿದ ಹಾಗೆ ಸಣ್ಣ ಗುರುತು. ಹಾರಿದವುಗಳಲ್ಲೂ ಒಂದೆರಡರ ಗುರುತು ನಡುವೆ ಇಲ್ಲ, ಪಕ್ಕಕ್ಕೆ ಸರಿದಿದೆ. ಗೆಳೆಯನೊಬ್ಬ ಹ್ಯಾಮರ್ (ಹಿಂದಿನ ಸುತ್ತಿಗೆ) ತಳ್ಳುವ ಸ್ಪ್ರಿಂಗ್ ಹೋಗಿದೆ ಅಂತಾನೆ, ಇನ್ನೊಬ್ಬ ಪ್ರೈಮರಿಗೆ ಬಡಿಯುವ ಪಿನ್ ಸವೆದಿದೆ ಅಂತಾನೆ. ನಿಮಗೇನು ಅನಿಸುತ್ತದೆ?

ಗಂಗಾವತಿ ಹುಡುಗ

ಸ್ಪ್ರಿಂಗ್ ಅಣ್ಣ, ಕಣ್ಣು ಮುಚ್ಚಿ ಹೇಳ್ತೀನಿ. ಬಿಚ್ಚಿ ಸ್ವಲ್ಪ ಬಗ್ಗಿಸಿ ಹಾಕಿದ್ರೆ ಸರಿಹೋಗುತ್ತೆ. ವಿಡಿಯೋದಲ್ಲಿ ನೋಡಿದ್ದೇನೆ.

ರಾಯಚೂರು ಆರ್ಮರರ್ (ನಿವೃತ್ತ)

ತಮ್ಮಾ, ಇಲಾಖೆಯಲ್ಲಿ ಆಯುಧ ರಿಪೇರಿ ಮಾಡಿಕೊಂಡಿದ್ದವನು ನಾನು. ಕಣ್ಣು ಮುಚ್ಚಿ ಹೇಳುವ ಕೆಲಸ ಅಲ್ಲ ಇದು. ಕಣ್ಣು ತೆರೆದು ನೋಡುವ ಕೆಲಸ. ಬಿಗಿಯಲ್ಲಿರುವ ಪಟ್ಟಿ ಸ್ಪ್ರಿಂಗ್ ಮನೆಯಲ್ಲಿ ಬಿಚ್ಚಲು ಹೋಗಿ ಹೆಬ್ಬೆರಳು ಸೀಳಿಸಿಕೊಂಡವರನ್ನು ನಾನು ಕಂಡಿದ್ದೇನೆ. ಬಗ್ಗಿಸಿದ ಸ್ಪ್ರಿಂಗ್ ನಾಲ್ಕು ದಿನ ಚೆನ್ನಾಗಿರುತ್ತದೆ, ಐದನೇ ದಿನ ಮುರಿಯುತ್ತದೆ.

ಮಿಲ್ ಸಾಹುಕಾರ್ರೇ, ನೀವು ಒಂದೇ ಕಾಯಿಲೆ ಅಂದುಕೊಂಡು ಬರೆದಿದ್ದೀರಿ. ನನಗೆ ಎರಡೋ ಮೂರೋ ಕಾಣುತ್ತಿವೆ. ಮೊದಲು ಇಷ್ಟು ಹೇಳಿ. ಹಾರದೇ ಉಳಿದ ಐದರಲ್ಲೂ ಗುರುತಿನ ಆಳ ಒಂದೇ ಥರ ಇದೆಯಾ? ಹ್ಯಾಮರ್ ಕೈಯಿಂದ ಹಿಂದಕ್ಕೆಳೆದು ಹೊಡೆದಿರೋ, ಬರೀ ಟ್ರಿಗರ್ ಎಳೆದೋ? ಹಾರದ್ದನ್ನು ಎರಡನೇ ಸಲ ಹೊಡೆದು ನೋಡಿದಿರಾ? ಓರೆ ಗುರುತು ಯಾವ ಚೇಂಬರಿನದು, ಅಂದರೆ ಸಿಲಿಂಡರಿನ ಯಾವ ಗೂಡಿನದು?

ಖಾಲಿ ಕೇಸ್ (ಹಾರಿದಮೇಲೆ ಉಳಿಯುವ ಹಿತ್ತಾಳೆ ಕೊಳವೆ) ಎಸೆದಿಲ್ಲ ತಾನೆ?

ಸಿರುಗುಪ್ಪ ಮಿಲ್

ಎಸೆದಿಲ್ಲ ಸರ್, ಲೆಕ್ಕಕ್ಕೆ ಬೇಕಲ್ಲ, ಎಲ್ಲ ಡಬ್ಬಿಯಲ್ಲಿವೆ. ಹಾರದ ಐದೂ ಬೇರೆ ಡಬ್ಬಿಯಲ್ಲಿವೆ. ಹೆಚ್ಚಾಗಿ ಟ್ರಿಗರ್ ಎಳೆದೇ ಹೊಡೆದದ್ದು. ಎರಡನೇ ಸಲ ಯಾವುದನ್ನೂ ಹೊಡೆದಿಲ್ಲ, ಭಯವಾಯಿತು. ಚೇಂಬರ್ ಯಾವುದು ಅಂತ ನೋಡಲೇ ಇಲ್ಲ.

ರಾಯಚೂರು ಆರ್ಮರರ್ (ನಿವೃತ್ತ)

ಭಯಪಟ್ಟಿದ್ದು ಒಳ್ಳೆಯದೇ ಆಯಿತು. ಟಿಕ್ ಅಂದ ತಕ್ಷಣ ಮತ್ತೆ ಟ್ರಿಗರ್ ಎಳೆಯಬಾರದು. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ ಆ ಗುಂಡು ನಳಿಕೆಯ ಎದುರಿನಿಂದ ಪಕ್ಕಕ್ಕೆ ಹೋಗುತ್ತದೆ. ಅಲ್ಲಿ ಹೊತ್ತಿಕೊಂಡರೆ ಏನಾಗಬಹುದು ಯೋಚಿಸಿ. ನಳಿಕೆ ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಸುಮ್ಮನೆ ನಿಲ್ಲಬೇಕು. ಆಮೇಲೆ ಸಿಲಿಂಡರ್ ತೆರೆಯಬೇಕು.

ಇನ್ನೊಂದು. ಟಿಕ್ ಬದಲು ಪುಸ್ ಅಂತ ಸಪ್ಪೆ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು.

ಈಗ ಡಬ್ಬಿ ತೆಗೆಯಿರಿ. ಎಲ್ಲವನ್ನೂ ಬುಡ ಮೇಲೆ ಮಾಡಿ ಸಾಲಾಗಿ ನಿಲ್ಲಿಸಿ, ಬೆಳಕು ಪಕ್ಕದಿಂದ ಬೀಳಲಿ. ಏನು ಕಾಣುತ್ತದೆ ಬರೆಯಿರಿ.

ಕುಷ್ಟಗಿ ವಕೀಲ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನೋಡುವುದು, ಒರೆಸುವುದು, ಬ್ರಷ್ ಹಾಕುವುದು ನಿಮ್ಮ ಕೆಲಸ. ಬಿಡಿಭಾಗ ತಿದ್ದುವುದು, ಬದಲಿಸುವುದು ಲೈಸೆನ್ಸ್ ಇರುವ ಬಂದೂಕು ಅಂಗಡಿಯವರ ಕೆಲಸ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ತಯಾರಿಕೆ, ಮಾರಾಟದ ಜೊತೆ ರಿಪೇರಿ ಅನ್ನುವ ಪದವೂ ಇದೆ. ಪರಿಚಯದ ಲೇತ್‌ನವನ ಕೈಗೆ ಕೊಟ್ಟು ಬರುವುದು ಬೇಡ. ಅಂಗಡಿಗೆ ಕೊಟ್ಟಾಗ ರಸೀದಿ ತೆಗೆದುಕೊಳ್ಳಿ, ನಂಬರ್ ಬರೆಸಿಕೊಳ್ಳಿ.

ಹೊಲದಲ್ಲಿ ಹೊಡೆದು ಪರೀಕ್ಷೆ ಮಾಡುತ್ತೇನೆ ಅನ್ನುವವರಿಗೂ ಒಂದು ಮಾತು. 2019ರ ತಿದ್ದುಪಡಿ ಆದಮೇಲೆ ಜನರ ಜೀವಕ್ಕೆ ಅಪಾಯವಾಗುವ ಹಾಗೆ ಬೇಜವಾಬ್ದಾರಿಯಿಂದ ಹೊಡೆದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಮದುವೆಯಲ್ಲಿ ಖುಷಿಗೆ ಹೊಡೆಯುವುದೂ ಇದರಲ್ಲೇ ಬರುತ್ತದೆ.

ಸಿರುಗುಪ್ಪ ಮಿಲ್

ಸರ್, ಊಟದ ಸ್ಟೀಲ್ ತಟ್ಟೆಯಲ್ಲಿ 18ನ್ನೂ ನಿಲ್ಲಿಸಿದೆ. ಕಿಟಕಿ ಬೆಳಕಿನಲ್ಲಿ, ಮೊಬೈಲ್ ಕ್ಯಾಮೆರಾ ದೊಡ್ಡದು ಮಾಡಿಕೊಂಡು ನೋಡಿದೆ. ನಿಜವಾಗಲೂ ಮೂರು ಥರ ಇವೆ!

ಹಾರದ ಐದರಲ್ಲಿ ಮೂರರ ಗುರುತು ತೆಳು. ಎಳ್ಳುಕಾಳು ಒತ್ತಿದಷ್ಟು ತಗ್ಗು, ತಳ ಕಾಣುತ್ತದೆ. ಉಳಿದ ಎರಡರ ಗುರುತು ಹಾರಿದವುಗಳಷ್ಟೇ ಆಳ, ದುಂಡಗೆ, ಸರಿಯಾಗಿ ನಡುವೆ ಇದೆ. ಆದರೂ ಹಾರಿಲ್ಲ. ಇವೆರಡೂ ಅಪ್ಪ ತಂದಿಟ್ಟಿದ್ದ ಹಳೇ ಪೆಟ್ಟಿಗೆಯವು, ಹಿತ್ತಾಳೆ ಕಪ್ಪಾಗಿದೆ.

ಹಾರಿದ 13ರಲ್ಲಿ ಎರಡರ ಗುರುತು ಪಕ್ಕಕ್ಕೆ ಇದೆ. ಹಾರದ ತೆಳು ಗುರುತಿನಲ್ಲೂ ಒಂದು ಪಕ್ಕಕ್ಕಿದೆ.

ರಾಯಚೂರು ಆರ್ಮರರ್ (ನಿವೃತ್ತ)

ಶಾಭಾಷ್. ಅರ್ಧ ಕೆಲಸ ಮುಗಿಯಿತು.

ಆಳವಾದ ಗುರುತು ಇದ್ದೂ ಹಾರದ ಎರಡರ ತಪ್ಪನ್ನು ರಿವಾಲ್ವರ್ ತಲೆಗೆ ಕಟ್ಟಬೇಡಿ. ಪಿನ್ ತನ್ನ ಕೆಲಸ ಮಾಡಿದೆ. ಪ್ರೈಮರೇ ಸತ್ತಿದೆ. ಪ್ರೈಮರ್ ಒಳಗೆ ಒಂದು ಚಿಟಿಕೆ ರಸಾಯನ ಇರುತ್ತದೆ. ಪಿನ್ ಹೊಡೆದಾಗ ಅದು ಒಳಗಿನ ಸಣ್ಣ ತಗಡಿಗೂ ಬಟ್ಟಲಿಗೂ ನಡುವೆ ಜಜ್ಜಿಹೋಗಿ ಕಿಡಿಯಾಗುತ್ತದೆ. ತೇವ ಹೋದರೂ ಕೆಟ್ಟಿತು, ಎಣ್ಣೆ ಇಳಿದರೂ ಕೆಟ್ಟಿತು. ಗುಂಡು ತುಂಬಿದ ರಿವಾಲ್ವರಿಗೆ ಎಣ್ಣೆ ಸುರಿದು ಇಡುವ ಅಭ್ಯಾಸ ಬಹಳ ಜನಕ್ಕಿದೆ, ಅದರ ಫಲ ಇದು.

ತೆಳು ಗುರುತಿನ ಮೂರು, ಅದು ರಿವಾಲ್ವರಿನ ವಿಷಯ. ಪಕ್ಕಕ್ಕೆ ಸರಿದದ್ದು ಇನ್ನೊಂದು ವಿಷಯ. ಎರಡನ್ನೂ ಕಲಸಬೇಡಿ.

ಮುಂದಿನ ಸಲ ರೇಂಜ್‌ಗೆ ಹೋಗುವಾಗ ಮಾರ್ಕರ್ ಪೆನ್ ಇಟ್ಟುಕೊಳ್ಳಿ. ಸಿಲಿಂಡರ್ ಹೊರಮೈ ಮೇಲೆ ಚೇಂಬರಿಗೆ 1ರಿಂದ 6 ಬರೆಯಿರಿ, ಆಮೇಲೆ ಸ್ಪಿರಿಟ್‌ನಲ್ಲಿ ಹೋಗುತ್ತದೆ. ಪ್ರತಿ ರೌಂಡಿನ ಬುಡದ ಅಂಚಿಗೂ ಒಂದು ಗೆರೆ ಎಳೆದು, ಆ ಗೆರೆ ಸಿಲಿಂಡರಿನ ಹೊರಗಡೆಗೆ ಬರುವಂತೆ ತುಂಬಿ. ಚೇಂಬರ್ ಮೇಲೆ ಬಂದು ನಿಂತಾಗ ಗೆರೆ 12 ಗಂಟೆ ಜಾಗದಲ್ಲಿರುತ್ತದೆ. ಹೊರತೆಗೆದ ಮೇಲೂ ಪೆಟ್ಟು ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಗೊತ್ತಾಗುತ್ತದೆ. ಗೆರೆ ಇಲ್ಲದಿದ್ದರೆ ಕೇಸ್ ಕೈಗೆ ಬಂದಮೇಲೆ ಎಡ ಬಲ ಏನೂ ಇಲ್ಲ, ಅದು ಬರೀ ದುಂಡು.

ಜೀನ್ಸ್ ಮೆಕ್ಯಾನಿಕ್, ಬಳ್ಳಾರಿ

ನಾನು ಬಂದೂಕಿನವನಲ್ಲ, ಜೀನ್ಸ್ ಯೂನಿಟ್‌ಗಳಲ್ಲಿ ಹೊಲಿಗೆ ಮಷೀನ್ ರಿಪೇರಿ ಮಾಡುವವನು. ಆದರೆ ಇದನ್ನು ಓದುತ್ತಾ ನಗು ಬಂತು. ನಮ್ಮಲ್ಲೂ ಇದೇ ಕಥೆ. ಹೊಲಿಗೆ ತಪ್ಪಿದರೆ ಟೈಲರ್ ಸೂಜಿ ಬದಲಿಸುತ್ತಾನೆ, ದಾರ ಬದಲಿಸುತ್ತಾನೆ, ಕೊನೆಗೆ ಮಷೀನಿಗೆ ಒದೆಯುತ್ತಾನೆ. ನೋಡಿದರೆ ಹುಕ್ಕು ಬರುವ ಹೊತ್ತಿಗೆ ಸೂಜಿ ಮೇಲೆ ಹೋಗಿರುತ್ತದೆ. ಟೈಮಿಂಗ್ ತಪ್ಪಿರುತ್ತದೆ.

ರಿವಾಲ್ವರಲ್ಲೂ ಸಿಲಿಂಡರ್ ಬಂದು ನಿಲ್ಲುವುದಕ್ಕೂ ಹ್ಯಾಮರ್ ಬೀಳುವುದಕ್ಕೂ ಟೈಮಿಂಗ್ ಇರಬೇಕಲ್ವಾ ಸರ್?

ರಾಯಚೂರು ಆರ್ಮರರ್ (ನಿವೃತ್ತ)

ಇವರನ್ನು ಇಲಾಖೆಗೆ ಸೇರಿಸಿಕೊಳ್ಳಬೇಕಿತ್ತು. ಹೌದು, ಅದೇ.

ಟ್ರಿಗರ್ ಎಳೆದಾಗ ಒಳಗಿನ ಒಂದು ಸಣ್ಣ ಕೊಕ್ಕೆ ಮೇಲೆದ್ದು ಸಿಲಿಂಡರ್ ಹಿಂಭಾಗದ ಹಲ್ಲನ್ನು ತಳ್ಳುತ್ತದೆ. ಅದಕ್ಕೆ ಹ್ಯಾಂಡ್ ಅಂತಾರೆ. ಸಿಲಿಂಡರ್ ಆರನೇ ಒಂದು ಸುತ್ತು ತಿರುಗುತ್ತದೆ. ಕೆಳಗಿನಿಂದ ಸಿಲಿಂಡರ್ ಸ್ಟಾಪ್ ಎದ್ದು ಕಚ್ಚಿನಲ್ಲಿ ಕೂರುತ್ತದೆ, ಕ್ಲಿಕ್ ಅಂತ ಕೇಳಿಸುತ್ತದೆ. ಆಮೇಲೆ ಹ್ಯಾಮರ್ ಬೀಳಬೇಕು. ಹ್ಯಾಂಡ್ ತುದಿ ಸವೆದರೆ, ಇಲ್ಲ ಒಂದು ಹಲ್ಲು ಸವೆದರೆ, ಸಿಲಿಂಡರ್ ಕೂದಲೆಳೆಯಷ್ಟು ಹಿಂದೆ ಉಳಿಯುತ್ತದೆ. ಆಗ ಪಿನ್ ಪ್ರೈಮರಿನ ನಡುವೆ ಬೀಳುವುದಿಲ್ಲ. ಈ ಪ್ರೈಮರಿನ ಅಗಲ ಸುಮಾರು 4.4 ಮಿ.ಮೀ. ಅಷ್ಟೇ. ಒಂದು ಮಿ.ಮೀ. ಸರಿದರೆ ಅಂಚಿಗೆ ಹೋದ ಹಾಗೆ. ಅಂಚಿನಲ್ಲಿ ಬಟ್ಟಲಿನ ಗೋಡೆಯ ಬಲ ಇರುತ್ತದೆ, ತಗ್ಗೂ ಕಡಿಮೆ ಬೀಳುತ್ತದೆ, ಕಿಡಿಯೂ ಖಚಿತವಿಲ್ಲ.

ಓರೆ ಗುರುತನ್ನು ಹೀಗೆ ಓದಿ. ಒಂದೇ ಚೇಂಬರಿನಲ್ಲಿ ಮಾತ್ರ ಓರೆ ಇದ್ದರೆ ಆ ಚೇಂಬರಿನ ಹಲ್ಲನ್ನೋ ಕಚ್ಚನ್ನೋ ನೋಡಬೇಕು. ಆರರಲ್ಲೂ ಒಂದೇ ದಿಕ್ಕಿಗೆ ಓರೆ ಇದ್ದರೆ ಹ್ಯಾಂಡ್ ಸವೆದಿದೆ, ಇಲ್ಲ ಸಿಲಿಂಡರ್ ಹೊತ್ತಿರುವ ಕ್ರೇನ್ ಬಗ್ಗಿದೆ, ಇಲ್ಲ ಪಿನ್ನೇ ಓರೆಯಾಗಿದೆ. ಒಂದೊಂದು ಸಲ ಒಂದೊಂದು ಕಡೆ ಬಿದ್ದರೆ ಸಿಲಿಂಡರ್ ಸಡಿಲ, ಸ್ಟಾಪ್ ಸರಿಯಾಗಿ ಹಿಡಿಯುತ್ತಿಲ್ಲ.

ಸ್ವಲ್ಪ ಓರೆ ಎಲ್ಲ ರಿವಾಲ್ವರಲ್ಲೂ ಇರುತ್ತದೆ. ಪ್ರತಿ ಸಲ ಹಾರುತ್ತಿದ್ದರೆ ಅದರ ಹಿಂದೆ ಬೀಳಬೇಡಿ. ಪಕ್ಕದವರಿಗೆ ಸೀಸದ ಚೂರು ಸಿಡಿಯುತ್ತಿದೆ ಅಂದರೆ ಮಾತ್ರ ತಕ್ಷಣ ನಿಲ್ಲಿಸಿ. ಗುಂಡು ನಳಿಕೆಯ ಬಾಯಿಗೆ ಓರೆಯಾಗಿ ಬಡಿದು ಕೆರೆದುಕೊಂಡು ಹೋಗುತ್ತಿದೆ ಅಂತ ಅರ್ಥ.

ಗಂಗಾವತಿ ಹುಡುಗ

ಕ್ರೇನ್ ಹೇಗೆ ಬಗ್ಗುತ್ತೆ ಸರ್? ಅದು ಉಕ್ಕಲ್ವಾ?

ರಾಯಚೂರು ಆರ್ಮರರ್ (ನಿವೃತ್ತ)

ಸಿನಿಮಾ ಹೀರೋ ಥರ ಮಣಿಕಟ್ಟು ಝಾಡಿಸಿ ಟಪ್ ಅಂತ ಸಿಲಿಂಡರ್ ಮುಚ್ಚಿದರೆ ಬಗ್ಗುತ್ತದೆ. ನೀನು ಹಾಗೆ ಮಾಡುತ್ತೀಯ ಅಂತ ನನಗೆ ಗುಮಾನಿ.

ಗಂಗಾವತಿ ಹುಡುಗ

ನನ್ನ ಹತ್ರ ಲೈಸೆನ್ಸೇ ಇಲ್ಲ ಸರ್ 😄 ಮಾವನದು. ಇನ್ನು ಮುಟ್ಟಲ್ಲ.

ಸಂಡೂರು ಕೆಂಪುಮಣ್ಣು

ತೆಳು ಪೆಟ್ಟಿನ ಬಗ್ಗೆ ನನ್ನ ಅನುಭವ. ನನ್ನದೂ ಸಿಲಿಂಡರ್ ಪಕ್ಕಕ್ಕೆ ಬರುವ ಮಾದರಿಯೇ. ಹಿಡಿಕೆಯ ಮುಂಭಾಗದಲ್ಲಿ, ಕೆಳಗಡೆ, ಒಂದು ಸಣ್ಣ ಸ್ಕ್ರೂ ಇದೆ. ಸ್ಟ್ರೇನ್ ಸ್ಕ್ರೂ ಅಂತಾರೆ, ಪಟ್ಟಿ ಸ್ಪ್ರಿಂಗನ್ನು ಬಗ್ಗಿಸಿ ಬಿಗಿ ಕೊಡುವುದು ಅದೇ. ಟ್ರಿಗರ್ ಹಗುರ ಆಗಲಿ ಅಂತ ಹಿಂದೆ ಯಾರೋ ಪುಣ್ಯಾತ್ಮರು ಒಂದೂವರೆ ಸುತ್ತು ಬಿಚ್ಚಿಟ್ಟಿದ್ದರು. ಟ್ರಿಗರ್ ಬೆಣ್ಣೆಯಂಗಿತ್ತು, ಆರಕ್ಕೆ ಎರಡು ಟಿಕ್ ಅನ್ನುತ್ತಿದ್ದವು. ಸ್ಕ್ರೂ ಪೂರ್ತಿ ಬಿಗಿ ಮಾಡಿದೆ, ಸರಿಹೋಯಿತು. ಆ ಸ್ಕ್ರೂ ಪೂರ್ತಿ ಬಿಗಿಯಾಗೇ ಇರಬೇಕಂತೆ, ಟ್ರಿಗರ್ ಹಗುರ ಮಾಡುವ ತಿರುಪಲ್ಲ ಅಂತೆ.

ಇನ್ನೊಂದು, ನಮ್ಮ ಕಡೆಯ ಧೂಳು. ಸಂಡೂರಿನ ಕೆಂಪು ಧೂಳು ಅಂದರೆ ಕಬ್ಬಿಣದ ಅದಿರು. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಎಣ್ಣೆ ಜೊತೆ ಬೆರೆತರೆ ಉಜ್ಜುವ ಪೇಸ್ಟ್ ರೆಡಿ. ಲಾರಿ ಓಡಾಡುವ ದಿನಗಳಲ್ಲಿ ನಾನು ಚೀಲದಿಂದ ಹೊರಗೇ ತೆಗೆಯುವುದಿಲ್ಲ.

ಸಿರುಗುಪ್ಪ ಮಿಲ್

ಸ್ಟ್ರೇನ್ ಸ್ಕ್ರೂ ನೋಡಿದೆ ಅಣ್ಣ. ನನ್ನದು ಬಿಗಿಯಾಗಿಯೇ ಇದೆ, ತಲೆಯ ಮೇಲೆ ಸ್ಕ್ರೂಡ್ರೈವರ್ ಆಡಿದ ಗುರುತೂ ಇಲ್ಲ. ನಮ್ಮಲ್ಲಿ ಕೆಂಪು ಧೂಳಿಲ್ಲ, ಆದರೆ ಮಿಲ್ ಅಂದಮೇಲೆ ತೌಡಿನ ಪುಡಿ ಇದ್ದೇ ಇದೆ. ಕಪಾಟಿನ ಮೇಲೆ ಬೆರಳಾಡಿಸಿದರೆ ಹೆಸರು ಬರೆಯಬಹುದು.

ರಾಯಚೂರು ಆರ್ಮರರ್ (ನಿವೃತ್ತ)

ತೌಡು! ಗ್ರೀಸ್ ಮೆತ್ತಿದ ರಿವಾಲ್ವರು, ತೌಡಿನ ಪುಡಿ, ಆಮೇಲೆ ನಮ್ಮ ಬೇಸಿಗೆ. ತೌಡಲ್ಲೇ ಎಣ್ಣೆ ಇದೆ. ಕಾದು ಆರಿ ಕಾದು ಆರಿ ಅದು ಅಂಟಾಗುತ್ತದೆ, ಹಳೇ ಬಾಣಲೆಯ ಅಂಚಿನ ಹಾಗೆ. ಹ್ಯಾಮರ್ ಓಡಾಡುವ ಸಂದಿಯಲ್ಲಿ ಆ ಅಂಟು ಇದ್ದರೆ ಸ್ಪ್ರಿಂಗ್ ಎಷ್ಟು ಗಟ್ಟಿಯಿದ್ದರೂ ಪೆಟ್ಟು ಸೋಲುತ್ತದೆ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ. ಮೊದಲು ರಿವಾಲ್ವರ್ ಖಾಲಿ ಮಾಡಿ, ಗುಂಡಿನ ಪೆಟ್ಟಿಗೆ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಆರು ಚೇಂಬರನ್ನೂ ಬೆರಳಿಟ್ಟು ನೋಡಿ. ಮನೆಯಲ್ಲಿ ಇನ್ನೊಬ್ಬರಿಗೂ ತೋರಿಸಿ. ಆಮೇಲೆ ನಳಿಕೆ ನೆಟ್ಟಗೆ ಮೇಲಕ್ಕೆ ಹಿಡಿದು, ಹ್ಯಾಮರ್ ಕೈಯಲ್ಲಿ ಪೂರ್ತಿ ಎಳೆದು ನಿಲ್ಲಿಸಿ, ರಬ್ಬರ್ ಇರುವ ಸಣ್ಣ ಪೆನ್ಸಿಲನ್ನು ರಬ್ಬರ್ ಕೆಳಗಾಗಿ ನಳಿಕೆಯೊಳಗೆ ಬಿಡಿ. ಮೊದಲೇ ಬಿಟ್ಟರೆ ಅದು ಚೇಂಬರಿಗೆ ಇಳಿದು ಸಿಲಿಂಡರ್ ತಿರುಗುವುದಿಲ್ಲ. ಟ್ರಿಗರ್ ಒತ್ತಿ ಹ್ಯಾಮರ್ ಬೀಳಿಸಿ. ಇನ್ನೊಮ್ಮೆ ಬರೀ ಟ್ರಿಗರ್ ನಿಧಾನ ಎಳೆದು, ಸಿಲಿಂಡರ್ ತಿರುಗಿ ನಿಂತಮೇಲೆ ಪೆನ್ಸಿಲ್ ಬಿಟ್ಟು, ಉಳಿದಷ್ಟನ್ನು ಎಳೆಯಿರಿ. ಪೆನ್ಸಿಲ್ ಎಷ್ಟೆತ್ತರ ಹಾರಿತು ನೋಡಿ. ಮುಖ ಮೇಲೆ ತರಬೇಡಿ. ಇದೇ ಅಳತೆ ಅಂತ ಏನಿಲ್ಲ, ಒಂದಕ್ಕೊಂದು ಹೋಲಿಸಲು ಅಷ್ಟೇ. ನಾಲ್ಕು ಸಲ ಸಾಕು, ಹಳೇ ಪಿನ್‌ಗಳು ಖಾಲಿ ಹೊಡೆತಕ್ಕೆ ಮುರಿಯುವುದುಂಟು.

ಸಿರುಗುಪ್ಪ ಮಿಲ್

ಮಾಡಿದೆ ಸರ್. ನಮ್ಮದು ಹಳೇ ಮಾಳಿಗೆ ಮನೆ. ಹ್ಯಾಮರ್ ಎಳೆದು ಬಿಟ್ಟರೆ ಪೆನ್ಸಿಲ್ ಹೋಗಿ ತೊಲೆಗೆ ಬಡಿಯಿತು, ಮಣ್ಣು ಉದುರಿತು. ಬರೀ ಟ್ರಿಗರ್ ಎಳೆದರೆ ನನ್ನ ತಲೆಯ ಮಟ್ಟಕ್ಕೂ ಬರದೆ ವಾಪಸ್ ಬಿತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ ಏನೂ ಅನ್ನದೆ ಒಳಗೆ ಹೋದರು.

ರಾಯಚೂರು ಆರ್ಮರರ್ (ನಿವೃತ್ತ)

ಟ್ರಿಗರ್ ಎಳೆದು ಹೊಡೆದಾಗ ಹ್ಯಾಮರ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಸ್ವಲ್ಪ ಮೊದಲೇ ಜಾರಿ ಬೀಳುತ್ತದೆ. ಹಾಗಾಗಿ ವ್ಯತ್ಯಾಸ ಇದ್ದೇ ಇರುತ್ತದೆ. ಇಷ್ಟೊಂದು ಇರಬಾರದು. ಎಲ್ಲೋ ಹಿಡಿಯುತ್ತಿದೆ.

ದೇವದುರ್ಗ ಅಕ್ಕ

ನಾನು ಸುಮ್ನೆ ಓದುತ್ತಿದ್ದೆ, ಒಂದು ಪ್ರಶ್ನೆ ಕೇಳಲೇಬೇಕು ಅನಿಸಿತು. ನಮ್ಮ ಮನೆಯವರು ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಯಿತು. ನನ್ನದು ಕಾನ್ಪುರದ್ದು, ನಡುವೆ ಮಡಚಿ ತೆರೆಯುವಂಥದ್ದು, ಕ್ರೇನ್ ಗೀನ್ ಏನೂ ಇಲ್ಲ. ಆದರೆ ಗುಂಡು ನಿಮ್ಮದೇ .32 ಲಾಂಗ್.

ತಮ್ಮಾ, ನಿಮ್ಮ ಅಪ್ಪ .32 ಶಾರ್ಟ್ ಹಾಕುತ್ತಿದ್ದರಾ? ಹಳಬರು ಯಾವುದು ಸಿಕ್ಕರೆ ಅದು ಹಾಕುತ್ತಿದ್ದರು. ಶಾರ್ಟ್ ಕೇಸ್ ಸುಮಾರು 15.5 ಮಿ.ಮೀ., ಲಾಂಗ್ 23 ಮಿ.ಮೀ. ದಾಟುತ್ತದೆ. ಶಾರ್ಟ್ ಹೊಡೆದಾಗ ಅದರ ಬಾಯಿಯ ಮುಂದೆ ಚೇಂಬರಿನಲ್ಲಿ ಮಸಿ, ಸೀಸ ಉಂಗುರದ ಹಾಗೆ ಕಟ್ಟುತ್ತದೆ. ಆಮೇಲೆ ಲಾಂಗ್ ಹಾಕಿದರೆ ಆ ಉಂಗುರಕ್ಕೆ ತಾಗಿ ನಿಲ್ಲುತ್ತದೆ. ಬುಡ ಪೂರ್ತಿ ಕೂರುವುದಿಲ್ಲ. ಮೊದಲ ಪೆಟ್ಟಿನ ಅರ್ಧ ಬಲ ಅದನ್ನು ಒಳಗೆ ನೂಕುವುದಕ್ಕೇ ಖರ್ಚು. ಎರಡನೇ ಪೆಟ್ಟಿಗೆ ಹಾರುತ್ತದೆ. ನನಗೆ ಇದೇ ಆಗಿತ್ತು, ಎಲ್ಲರೂ ಸ್ಪ್ರಿಂಗ್ ಅಂದಿದ್ದರು.

ರೌಂಡ್ ಹಾಕುವಾಗ ಸದ್ದು ಕೇಳಿಸಿಕೊಳ್ಳಿ. ಚೊಕ್ಕ ಚೇಂಬರಿನಲ್ಲಿ ಅದು ತಾನೇ ಜಾರಿ ಟಕ್ ಅನ್ನುತ್ತದೆ. ಬೆರಳಲ್ಲಿ ಒತ್ತಬೇಕಾಯಿತು ಅಂದರೆ ಅಲ್ಲೇನೋ ಇದೆ.

ರಾಯಚೂರು ಆರ್ಮರರ್ (ನಿವೃತ್ತ)

ತಂಗಿ ಸರಿಯಾಗಿ ಹೇಳಿದ್ದಾರೆ, ನನಗೆ ಹೊಳೆದಿರಲಿಲ್ಲ. ಇಲಾಖೆಯಲ್ಲಿ ನಮ್ಮ ಕೈಗೆ ಬರುತ್ತಿದ್ದದ್ದು .38, ಅದೂ ಒಂದೇ ಥರದ ಗುಂಡು. ಶಾರ್ಟ್ ಬಂದದ್ದು 1878ರಲ್ಲಿ, ಲಾಂಗ್ 1896ರಲ್ಲಿ. ಒಂದನ್ನೇ ಉದ್ದ ಮಾಡಿದ್ದು. ಆದ್ದರಿಂದ ಶಾರ್ಟ್ ಇದರಲ್ಲಿ ಹೊಂದಿಕೊಳ್ಳುತ್ತದೆ.

ನಿಮ್ಮ ಮಡಚುವ ಮಾದರಿಯಲ್ಲಿ ಒಂದು ನೋಡಿಕೊಳ್ಳಿ. ಮುಚ್ಚಿದಮೇಲೆ ನಳಿಕೆ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ. ಚಿಲಕವೋ ಕೀಲೋ ಸಡಿಲವಾದರೆ ಪೆಟ್ಟು ಪಕ್ಕಕ್ಕೆ ಅಲ್ಲ, ಮೇಲಕ್ಕೋ ಕೆಳಕ್ಕೋ ಬೀಳುತ್ತದೆ.

ಸಿರುಗುಪ್ಪ ಮಿಲ್

ಅಕ್ಕಾ! ಕಪಾಟು ಹುಡುಕಿದರೆ ಶಾರ್ಟ್ ಗುಂಡಿನ ಖಾಲಿ ಪೆಟ್ಟಿಗೆ ಎರಡು ಸಿಕ್ಕವು. ಟಾರ್ಚ್ ಹಾಕಿ ಚೇಂಬರ್ ನೋಡಿದೆ. ನಡುವೆ ಸರಿಯಾಗಿ ಒಂದು ಕಪ್ಪು ಬಳೆ. ಆರರಲ್ಲೂ ಇದೆ.

ಹಿತ್ತಾಳೆ ಬ್ರಷ್ ತಂದು, ಸಾಲ್ವೆಂಟ್ ಹಾಕಿ ರಾತ್ರಿ ನೆನೆಯಲು ಬಿಟ್ಟು ಬೆಳಿಗ್ಗೆ ಉಜ್ಜಿದೆ. ಬಟ್ಟೆ ಚೂರು ಹತ್ತು ಕಪ್ಪಾದವು. ಈಗ ಖಾಲಿ ಕೇಸ್ ಹಾಕಿದರೆ ಟಕ್ ಅನ್ನುತ್ತದೆ. ಒಳಗಿನ ಅಂಟಿಗೆ ಮಾತ್ರ ಕೈ ಹಚ್ಚಿಲ್ಲ. ವಕೀಲರ ಮಾತು ನೆನಪಾಯಿತು.

ಜೀನ್ಸ್ ಮೆಕ್ಯಾನಿಕ್, ಬಳ್ಳಾರಿ

ಅಣ್ಣ, ಸಿಲಿಂಡರ್ ಹಿಂದೆ ಮುಂದೆ ಆಡುತ್ತದಾ ನೋಡಿ. ನಮ್ಮಲ್ಲಿ ಶಾಫ್ಟ್ ಉದ್ದಕ್ಕೆ ಆಡಿದರೆ ಏನೇ ಟೈಮಿಂಗ್ ಮಾಡಿದರೂ ನಿಲ್ಲುವುದಿಲ್ಲ.

ರಾಯಚೂರು ಆರ್ಮರರ್ (ನಿವೃತ್ತ)

ಅದನ್ನೂ ಅಳೆಯಬಹುದು, ಬೈಕ್ ಮೆಕ್ಯಾನಿಕ್ ಹತ್ತಿರ ಇರುವ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡುಗಳು) ಸಾಕು. ಗೇಜ್ ಮನೆಗೆ ತನ್ನಿ, ರಿವಾಲ್ವರ್ ಗ್ಯಾರೇಜಿಗೆ ಒಯ್ಯಬೇಡಿ! ಖಾಲಿ ಮಾಡಿ ಮುಚ್ಚಿ, ಸಿಲಿಂಡರ್ ಹಿಂದಕ್ಕೆ ತಳ್ಳಿ ನಳಿಕೆಗೂ ಸಿಲಿಂಡರಿಗೂ ನಡುವಿನ ಸಂದಿ ಅಳೆಯಿರಿ. ಮುಂದಕ್ಕೆ ತಳ್ಳಿ ಇನ್ನೊಮ್ಮೆ ಅಳೆಯಿರಿ. ಎರಡರ ವ್ಯತ್ಯಾಸವೇ ಆಟ. 0.05 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಪಿನ್ ಹೊಡೆದಾಗ ಸಿಲಿಂಡರೇ ಮುಂದಕ್ಕೆ ಓಡುತ್ತದೆ, ಪೆಟ್ಟು ಗಾಳಿಗೆ ಹೋದ ಹಾಗೆ.

ಸಿರುಗುಪ್ಪ ಮಿಲ್

ಹಿಂದಕ್ಕೆ ತಳ್ಳಿದಾಗ 0.20 ಹೋಯಿತು, ಮುಂದಕ್ಕೆ ತಳ್ಳಿದಾಗ 0.15. ಅಂಚಿನಲ್ಲಿದ್ದೇನೆ ಅನ್ನಿ.

(ಎರಡು ವಾರದ ನಂತರ)

ರೇಂಜ್‌ಗೆ ಹೋಗಿ ಬಂದೆ. ಸಿಲಿಂಡರಿಗೆ ನಂಬರ್, ರೌಂಡಿಗೆ ಗೆರೆ, ಎಲ್ಲ ಹೇಳಿದ ಹಾಗೆ. ಹೊಸ ಪೆಟ್ಟಿಗೆಯ ಗುಂಡು ಮಾತ್ರ. ಹ್ಯಾಮರ್ ಎಳೆದು 6, ಆರೂ ಹಾರಿದವು. ಟ್ರಿಗರ್ ಎಳೆದು 12, ಅದರಲ್ಲಿ 11 ಹಾರಿದವು. ಹಾರದ ಒಂದು 4ನೇ ಚೇಂಬರಿನದು. 30 ಸೆಕೆಂಡ್ ಎಣಿಸಿ, ತೆರೆದು, ಅದನ್ನೇ 1ನೇ ಚೇಂಬರಿಗೆ ಹಾಕಿ ಹೊಡೆದೆ, ಹಾರಿತು.

ಈಗ ಗುರುತುಗಳು. 1, 2, 3, 5, 6 ನಡುವೆಯೇ ಇವೆ. 4ನೇ ಚೇಂಬರಿನ ಮೂರೂ ಬಲಕ್ಕೆ ಸರಿದಿವೆ. ಮೂರೂ ಒಂದೇ ಕಡೆಗೆ! ಮೊದಲನೇ ಸಲದ ಓರೆಯವೂ ಇದೇ ಚೇಂಬರಿನವು ಅಂತ ಈಗ ಅನಿಸುತ್ತಿದೆ.

ರಾಯಚೂರು ಆರ್ಮರರ್ (ನಿವೃತ್ತ)

ಸಿಕ್ಕಿತು. ಈಗ ಖಾಲಿ ಮಾಡಿ, ಸಿಲಿಂಡರ್ ಮೇಲೆ ಹೆಬ್ಬೆರಳನ್ನು ಹಗುರವಾಗಿ ಒತ್ತಿ ಹಿಡಿದು, ಹ್ಯಾಮರನ್ನು ಬಹಳ ನಿಧಾನ ಹಿಂದಕ್ಕೆ ಎಳೆಯಿರಿ. ಪ್ರತಿ ಚೇಂಬರಿಗೂ ಹ್ಯಾಮರ್ ನಿಲ್ಲುವ ಮೊದಲು ಸ್ಟಾಪ್ ಕ್ಲಿಕ್ ಅನ್ನಬೇಕು. 4ರಲ್ಲಿ ಏನಾಗುತ್ತದೆ ನೋಡಿ. ಅದಕ್ಕಿಂತ ಮುಂಚೆ ಸಿಲಿಂಡರ್ ಹಿಂದಿನ ನಕ್ಷತ್ರದಂಥ ಎಕ್ಸ್‌ಟ್ರಾಕ್ಟರ್ ಎತ್ತಿ ಅದರ ಕೆಳಗೆ ಬ್ರಷ್ ಹಾಕಿ. ಸುಡದ ಮದ್ದಿನ ಒಂದು ಕಾಳು ಅಲ್ಲಿ ಕೂತರೂ ಈ ಆಟ ಆಡಿಸುತ್ತದೆ.

ಸಿರುಗುಪ್ಪ ಮಿಲ್

ನಕ್ಷತ್ರದ ಕೆಳಗೆ ಬ್ರಷ್ ಹಾಕಿದೆ, ನಾಲ್ಕಾರು ಕಾಳು ಉದುರಿದವು, ಆದರೆ ವ್ಯತ್ಯಾಸ ಆಗಲಿಲ್ಲ. ನಿಧಾನ ಎಳೆದರೆ ಐದು ಚೇಂಬರಿನಲ್ಲಿ ಕ್ಲಿಕ್ ಮೊದಲು ಬರುತ್ತದೆ. 4ರಲ್ಲಿ ಹ್ಯಾಮರ್ ನಿಂತರೂ ಕ್ಲಿಕ್ ಇಲ್ಲ. ಬೆರಳಲ್ಲಿ ಸಿಲಿಂಡರನ್ನು ಒಂದು ಕೂದಲಷ್ಟು ಮುಂದೆ ತಿರುಗಿಸಿದರೆ ಆಗ ಕ್ಲಿಕ್. ಆ ಕ್ಲಿಕ್ ಕೇಳಿದಾಗ ಆದ ಸಂತೋಷ ಹೇಳಲಾರೆ. ಇಷ್ಟು ದಿನ ಊಹೆ ಮಾಡಿದ್ದು ಬೆರಳಿಗೆ ಸಿಕ್ಕಿತು.

ನಾಳೆ ಅಂಗಡಿಗೆ ಕೊಡುತ್ತಿದ್ದೇನೆ.

ಕುಷ್ಟಗಿ ವಕೀಲ

ರಸೀದಿ!

ಸಿರುಗುಪ್ಪ ಮಿಲ್

ತೆಗೆದುಕೊಂಡೆ ಸರ್, ನಂಬರ್ ಸಮೇತ.

(ಮೂರು ವಾರದ ನಂತರ)

ಬಂತು. ಮಿಸ್ತ್ರಿ ಪಕ್ಕದ ಪ್ಲೇಟ್ ತೆಗೆದು ತೋರಿಸಿದರು. ಹ್ಯಾಮರ್ ಕೂರುವ ಸಂದಿಯಲ್ಲಿ ಕಂದು ಬಣ್ಣದ ಅಂಟು, ಬೆಲ್ಲದ ಪಾಕ ಆರಿದ ಹಾಗೆ. ಮೂಸಿದರೆ ತೌಡಿನ ವಾಸನೆ, ಆಣೆಗೂ. ಹ್ಯಾಮರಿನ ಒಂದು ಪಕ್ಕ ಆ ಅಂಟಿಗೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಎಲ್ಲ ತೊಳೆದು, ಹೊಲಿಗೆ ಮಷೀನ್ ಎಣ್ಣೆಯಂಥ ತೆಳು ಎಣ್ಣೆ ಎರಡೇ ಹನಿ ಹಾಕಿದರು. ಸ್ಪ್ರಿಂಗ್ ಮುಟ್ಟಲೇ ಇಲ್ಲ. ಪಿನ್ ಲೆನ್ಸ್ ಹಾಕಿ ನೋಡಿದರು, ತುದಿ ದುಂಡಗೆ ಇದೆ ಅಂದರು.

4ನೇ ಚೇಂಬರಿಗೆ ಸೇರಿದ ಹಲ್ಲು ಸವೆದಿತ್ತು. ಈ ಮಾಲಿಗೆ ಬಿಡಿಭಾಗ ಈಗೆಲ್ಲಿ ಸಿಗಬೇಕು. ಹ್ಯಾಂಡ್ ತುದಿಯನ್ನು ತಟ್ಟಿ ಸ್ವಲ್ಪ ಉದ್ದ ಮಾಡಿ, ಅರ ಹಾಕಿ ಕೂರಿಸಿದ್ದಾರೆ. ಹಾಗೆ ಮಾಡಿದ್ದು ಉಳಿದ ಐದು ಹಲ್ಲಿಗೆ ಬಿಗಿ ಆಗಬಾರದಲ್ಲ, ಅದಕ್ಕೇ ಒಂದು ದಿನ ಹಿಡಿಯಿತಂತೆ. ಈಗ ಆರರಲ್ಲೂ ಕ್ಲಿಕ್ ಮೊದಲು.

ನಿನ್ನೆ 24 ರೌಂಡ್ ಹಾಕಿದೆ, ಎಲ್ಲ ಟ್ರಿಗರ್ ಎಳೆದೇ. 24ಕ್ಕೆ 24. ಪೆನ್ಸಿಲ್ ಪರೀಕ್ಷೆಯೂ ಮಾಡಿದೆ, ಈಗ ಟ್ರಿಗರ್ ಎಳೆದರೂ ತೊಲೆಗೆ ಹತ್ತಿರ ಹೋಗುತ್ತದೆ. ಅಪ್ಪನ ಹಳೇ ಗುಂಡು ಉಳಿದಿದ್ದನ್ನು ಅಂಗಡಿಗೇ ಒಪ್ಪಿಸಿದೆ, ಲೆಕ್ಕದ ಪುಸ್ತಕದಲ್ಲಿ ಬರೆಸಿ.

ಗಂಗಾವತಿ ಹುಡುಗ

ಸ್ಪ್ರಿಂಗ್ ಅಲ್ಲವೇ ಅಲ್ಲ ಅಂತೀರಿ. ಸರಿ, ಸೋತೆ.

ದೇವದುರ್ಗ ಅಕ್ಕ

ತಮ್ಮಾ, ಆ ಖಾಲಿ ಕೇಸ್ ನಿಲ್ಲಿಸಿದ ಊಟದ ತಟ್ಟೆ ಏನು ಮಾಡಿದಿರಿ? ಅದರಲ್ಲಿ ಸೀಸದ ಮಸಿ ಇರುತ್ತದೆ. ಕೈ ತೊಳೆದರೆ ಸಾಲದು, ಆ ತಟ್ಟೆ ಅಡುಗೆಮನೆಗೆ ವಾಪಸ್ ಹೋಗಬಾರದು.

ಸಿರುಗುಪ್ಪ ಮಿಲ್

ಅಮ್ಮ ಅವತ್ತೇ ಅದನ್ನು ಹೊರಗೆ ಹಾಕಿದ್ದರು ಅಕ್ಕಾ. ಈಗ ಮಿಲ್‌ನಲ್ಲಿ ನಟ್ಟು ಬೋಲ್ಟು ಹಾಕಲು ಇಟ್ಟಿದ್ದೇನೆ. ರಿವಾಲ್ವರ್ ಮಾತ್ರ ಮಿಲ್ ಕಪಾಟಿನಿಂದ ಮನೆಯ ತಿಜೋರಿಗೆ ಬಂತು. ತೌಡಿಲ್ಲದ ಜಾಗ.